ತಾಟಿನ ಅಡಿಯ ಹೆಸರು

ಜಟ್ಟಿ ತನ್ನ ಅಣ್ಣನ ತಾಟನ್ನು ಎತ್ತಿ ಬಗಲಿಗೆ ಸೇರಿಸುವಷ್ಟರಲ್ಲಿ ಬೀರಿ ಅದರ ಅಂಚು ಹಿಡಿದು ಜಗ್ಗಿದಳು. ಗಂಡ ಹುಲಿಯಾನ ಹೆಣದ ಮೇಲೆಯೇ ಎಳೆದಾಟ ನಡೆಯಿತು.

"ಬಿಡು ಅತ್ತಿಗೆ. ಸತ್ತವ ಉಂಡ ತಾಟು ಸುಡುಗಾಡಲ್ಲೇ ಒಡೀಬೇಕು. ಮನೇಲಿಟ್ರೆ ಇನ್ನೊಬ್ಬನ್ನ ಕರೀತದೆ."

"ಒಡಿ, ನಾ ಬೇಡ ಅಂದ್ನಾ? ಶಾಂತಾರಾಮ ಬರ್ಲಿ. ಅಡೀಲಿ ಕೊರ್ದ ಹೆಸ್ರು ಯಾರದು ಅಂತ ತಿಳ್ದ್ಮೇಲೆ ಒಡಿ."

"ಮೂವತ್ತೈದು ವರ್ಷ ತಿಳೀದೇ ಇದ್ದದ್ದು ಇವತ್ತು ತಿಳೀತದ್ಯಾ?"

"ಅಷ್ಟು ವರ್ಷ ಕಾದವ ಒಂದು ತಾಸು ಕಾಯೂಕಾಗುದಿಲ್ವಾ?"

ಹುಲಿಯಾ ಕಾದ. ಅವನಿಗೂ ಬೇರೆ ಅವಸರವಿರಲಿಲ್ಲ.

*

ಮೂವತ್ತೈದು ವರ್ಷದ ಹಿಂದೆ ಕಾರವಾರ ಬಂದರಿನಲ್ಲಿ ಹುಲಿಯಾ ಹಡಗಿಗೆ ಅದಿರು ತುಂಬುತ್ತಿದ್ದ. ಒಂದು ಮಧ್ಯಾಹ್ನ ಜಪಾನಿ ಹಡಗಿನ ಅಡಿಗೆಯವನು ನೀರಿಗೆ ಬಿದ್ದ. ಹುಲಿಯಾ ಹಾರಿ ಎತ್ತಿದ. ಮರುದಿನ ಆತ ಈ ಕಂದು ತಾಟು ಕೊಟ್ಟ. ಕಲ್ಲಿನಷ್ಟು ಭಾರ, ಅಡಿಯಲ್ಲಿ ಕೊರೆದ ಮೂರು ಅಕ್ಷರ.

ಮೊದಲ ವರ್ಷ ಹುಲಿಯಾ ಈ ಕತೆ ಹೇಳುವಾಗ ಅಲೆ ಆಳೆತ್ತರವಿತ್ತು. ಹತ್ತನೇ ವರ್ಷಕ್ಕೆ ತೆಂಗಿನ ಮರದೆತ್ತರವಾಯಿತು. ಆಮೇಲೆ ಒಂದು ಶಾರ್ಕು ಸೇರಿತು. ಅಕ್ಷರ ತೋರಿಸಲು ಉಣ್ಣುತ್ತಿದ್ದ ತಾಟನ್ನೇ ಮಗುಚುತ್ತಿದ್ದ. ಮೀನು ಸಾರು ನೆಂಟರ ತೊಡೆಗಿಳಿಯುತ್ತಿತ್ತು.

"ಅಣ್ಣ ಹಡಗಿನ ತಾಟು ಕದ್ದ" ಎಂದು ಕೂಲಿಯಾಳುಗಳ ಮುಕಾದಮನಿಗೆ ಹೇಳಿದವನು ಜಟ್ಟಿ. ಅಷ್ಟರಲ್ಲಿ ಹಡಗು ಹೋಗಿತ್ತು. ಅಡಿಯಲ್ಲಿರುವುದು ಹಡಗು ಕಂಪನಿಯ ಹೆಸರೆಂದು ಮುಕಾದಮ ತೀರ್ಮಾನಿಸಿದ. ಅವನಿಗೆ ಜಪಾನಿ ಓದಲು ಬರುತ್ತಿರಲಿಲ್ಲ. ತೀರ್ಮಾನಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಹುಲಿಯಾನ ಕೆಲಸ ಹೋಗಿ ಜಟ್ಟಿಗೆ ಸಿಕ್ಕಿತು. ತನ್ನೂರು ಅಗಸೂರಿನಲ್ಲಿ ಹುಲಿಯಾ ಸಾಯುವವರೆಗೂ ತಾಟುಕಳ್ಳನಾಗಿಯೇ ಉಳಿದ.

*

ಶಾಂತಾರಾಮ ಬಸ್ಸಿಳಿದು ಓಡುತ್ತ ಬಂದ. ಕಾರವಾರದಲ್ಲಿ ಹಡಗು ಏಜೆಂಟರ ಆಫೀಸಿನಲ್ಲಿ ಅವನ ಕೆಲಸ. ಮೂರು ತಿಂಗಳ ಹಿಂದೆ ತಾಟಿನ ಅಡಿಗೆ ಕಾಗದವಿಟ್ಟು, ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದು, ಜಪಾನಿ ಹಡಗಿನ ಅಧಿಕಾರಿಯೊಬ್ಬನ ಕೈಗೆ ಕೊಟ್ಟಿದ್ದ.

"ಉತ್ತರ ಬಂದದೆ ಬೀರಕ್ಕ."

"ಗಟ್ಟಿಯಾಗಿ ಓದು ತಮಾ. ಎಲ್ಲರಿಗೂ ಕೇಳ್ಲಿ."

"ಹಡಗಿನ ಹೆಸ್ರಲ್ಲ. ಮಾಡಿದ ಕುಂಬಾರನ ಹೆಸ್ರು, ತೊಶಿಯೊ ಅಂತ. ಅವ ಈಗಿಲ್ಲ. ಮಗ ಇದ್ದಾನೆ, ಮೊದ್ಲು ಹಡಗಲ್ಲಿ ಅಡಿಗೆ ಮಾಡ್ತಿದ್ದನಂತೆ. ಕಾರವಾರದಲ್ಲಿ ನೀರಿಗೆ ಬಿದ್ದಾಗ ಎತ್ತಿದವನಿಗೆ ಅಪ್ಪ ಮಾಡಿದ ತಾಟು ಕೊಟ್ಟಿದ್ದೆ ಅಂತ ಬರ್ಸಿದ್ದಾನೆ." ಶಾಂತಾರಾಮ ಹೆಣದ ಕಡೆ ನೋಡಿದ. "ಆ ಮನುಷ್ಯ ಆರಾಮ ಇದ್ದಾನಾ ಅಂತ ಕೇಳಿದ್ದಾನೆ."

ಅಂಗಳದಲ್ಲಿದ್ದವರೆಲ್ಲ ಜಟ್ಟಿಯ ಕಡೆ ತಿರುಗಿದರು.

"ಶಾರ್ಕು?" ಎಂದ ಹಿಂದಿನಿಂದ ಒಬ್ಬ ಮುದುಕ, ಮೆಲ್ಲಗೆ.

"ಶಾರ್ಕಿನ ವಿಷ್ಯ ಬರೀಲಿಲ್ಲ."

ಬೀರಿ ತಾಟನ್ನು ಜಟ್ಟಿಯ ಕೈಗಿಟ್ಟಳು. "ಈಗ ಒಡಿ."

*

ಸಂಜೆ ಹೊಳೆಯಲ್ಲಿ ಮಿಂದು ಗಂಡಸರು ಮರಳಿದರು. ಜಟ್ಟಿ ಕೊನೆಗೆ ಬಂದ, ಒದ್ದೆ ಪಂಚೆಯಲ್ಲಿ. ಕೈಯಲ್ಲಿ ತಾಟು ಇಡಿಯಾಗಿಯೇ ಇತ್ತು.

"ಮೂರು ಸಲ ಹೊಡ್ದೆ ಅತ್ತಿಗೆ. ಕಲ್ಲೇ ಒಡೀತು. ಅಲ್ಲೇ ಬಿಟ್ಟು ಬರೂಕೆ ಮನಸ್ಸಾಗ್ಲಿಲ್ಲ."

ಬೀರಿ ಹೊಸ್ತಿಲಲ್ಲೇ ನಿಂತಳು. "ಈ ಮನೆಗೆ ಅದು ಬರೂಕಾಗುದಿಲ್ಲ. ನೀನೇ ಹೇಳಿದ್ದಲ್ವಾ? ನಿನ್ನ ಮನೇಲಿಟ್ಕಾ. ದಿನಾ ಅದ್ರಲ್ಲೇ ಉಣ್ಣು."

ಬಾಗಿಲು ಮುಚ್ಚಿತು. ಜಟ್ಟಿ ಅಂಗಳದಲ್ಲೇ ನಿಂತಿದ್ದ, ಎರಡೂ ಕೈಯಲ್ಲಿ ಖಾಲಿ ತಾಟು ಹಿಡಿದು, ಯಾರೋ ಬಡಿಸಲಿ ಎಂದು ಕಾಯುವವನಂತೆ.