ಸೋಮವಾರದ ಉಪವಾಸ

ಬೆಳಗ್ಗೆ ಆರು ಗಂಟೆಗೆ ಪರೀಕ್ಷಾ ನಳಿಗೆಯ ನೀಲಿ ದ್ರಾವಣ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಇಂಗ್ರಿಡ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೋರಿಗೆ ಸುರಿದು, ನಳಿಗೆ ತೊಳೆದಿಟ್ಟಳು. ತನ್ನ ಮೂತ್ರದಲ್ಲಿ ಸಕ್ಕರೆ ಇಲ್ಲದಿದ್ದರೆ ದ್ರಾವಣ ನೀಲಿಯಾಗಿಯೇ ಉಳಿಯಬೇಕು. ಮಾರ್ಚ್‌ನಿಂದ ಅದು ನೀಲಿಯಾಗಿ ಉಳಿದಿರಲಿಲ್ಲ.

"ಹೇಗಿದೆ?" ಅಡುಗೆಮನೆಯಲ್ಲಿ ನೀರು ಸೋಸುತ್ತಿದ್ದ ಗಂಡ ಆಕ್ಸೆಲ್ ಕೇಳಿದ.

"ಹೋದ ವಾರದಷ್ಟೇ."

"ಹೋದ ವಾರವೂ ಹಾಗೇ ಹೇಳಿದ್ದೆ."

ಇಬ್ಬರೂ ಡೆನ್ಮಾರ್ಕಿನವರು. ಅಲ್ಲಿಯ ಸಣ್ಣದೊಂದು ಮಿಷನ್ ಸಂಸ್ಥೆ 1964ರಲ್ಲಿ ಅವರನ್ನು ಕಲಬುರಗಿಗೆ ಕಳುಹಿಸಿತ್ತು. ಅವಳು ನರ್ಸ್, ಅವನು ಔಷಧದ ಕೆಲಸ ಬಲ್ಲವನು. ಈಗ 1992ರ ಮೇ ತಿಂಗಳು. ಅವಳಿಗೆ ಅರವತ್ತನಾಲ್ಕು, ಅವನಿಗೆ ಅರವತ್ತೆಂಟು. ಜೇವರ್ಗಿ ಕಾಲೋನಿಯಲ್ಲಿ ಬಾಡಿಗೆಗೆ ಹಿಡಿದ ಮಹಡಿ ಮನೆ. ಭಾನುವಾರ ಹತ್ತಿಪ್ಪತ್ತು ಜನರ ಪ್ರಾರ್ಥನೆ, ಸೋಮವಾರ ಕಮಲಾಪುರದ ಕ್ಷಯರೋಗಿಗಳು, ಉಳಿದ ದಿನ ಬೇರೆ ಊರುಗಳು. ಪ್ರತಿ ಮನೆಯಲ್ಲೂ ರೋಗಿ ತಮ್ಮೆದುರೇ ಅಂದಿನ ಮಾತ್ರೆ ನುಂಗುವುದನ್ನು ನೋಡಿ, ವಾರಕ್ಕಾಗುವಷ್ಟು ಕೊಟ್ಟು ಬರುವುದು ಅವರ ಕ್ರಮ.

ತೊಂದರೆ ಇದ್ದದ್ದು ಚಹಾದಲ್ಲಿ. ಕಮಲಾಪುರದ ಮನೆಗಳಲ್ಲಿ ಚಹಾಪುಡಿ, ಹಾಲು, ಸಕ್ಕರೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸುತ್ತಾರೆ. ಬಂದವರಿಗೆ ಸಕ್ಕರೆ ಕಡಿಮೆ ಹಾಕಿದರೆ ಅದು ಮನೆಗೆ ಅವಮಾನ. ಏಳು ಮನೆಗೆ ಹೋದರೆ ಏಳು ಸಲ ಚಹಾ. ಇಂಗ್ರಿಡ್‌ಳ ಎಡಗಾಲ ಬೆರಳ ಸಂದಿಯಲ್ಲಿ ಚಪ್ಪಲಿ ಕಚ್ಚಿ ಆದ ಗಾಯ ಆರು ವಾರವಾದರೂ ಮಾಗಿರಲಿಲ್ಲ. ಸಕ್ಕರೆ ಬಿಡದಿದ್ದರೆ ಕಾಲಿನ ಆಸೆ ಬಿಡಬೇಕಾಗುತ್ತದೆ ಎಂದು ಕಾಲೋನಿಯ ಡಾಕ್ಟರು ಹೇಳಿದ್ದರು.

ಹೋದ ಸೋಮವಾರ ಅವಳು ಚಂದಮ್ಮನ ಮನೆಯಲ್ಲಿ, ಹೊಟ್ಟೆ ಸರಿಯಿಲ್ಲವೆಂದು ಚಹಾ ಬೇಡ ಅಂದಿದ್ದಳು. ಚಂದಮ್ಮನಿಗೆ ಇಪ್ಪತ್ತಾರು ವರ್ಷ. ಜನವರಿಯಿಂದ ಔಷಧ ನಡೆದಿತ್ತು, ಇನ್ನೆರಡು ತಿಂಗಳು ಬಾಕಿ. ಕೆಮ್ಮು ನಿಂತಿತ್ತು, ಮೈ ತುಂಬಿಕೊಳ್ಳುತ್ತಿತ್ತು. ಆದರೆ ಓಣಿಯವರು ಇನ್ನೂ ಅವಳ ಕೈಯಿಂದ ನೀರು ಸಹ ಮುಟ್ಟುತ್ತಿರಲಿಲ್ಲ. ಇಂಗ್ರಿಡ್ ಬೇಡ ಅಂದದ್ದೇ ಚಂದಮ್ಮ ಮಾತ್ರೆಯನ್ನು ಕಟ್ಟೆಯ ಮೇಲಿಟ್ಟು ಎದ್ದಿದ್ದಳು.

"ನಿಮಗ ನಮ್ಮನಿ ಚಾ ಬ್ಯಾಡ, ನನಗ ನಿಮ್ಮ ಗುಳಗಿ ಬ್ಯಾಡ. ಲೆಕ್ಕ ಮುಗೀತು."

ಆ ವಾರದ ಮಾತ್ರೆಗಳನ್ನು ಆಕ್ಸೆಲ್ ವಾಪಸು ತಂದಿದ್ದ. ಈಗ ನಿಲ್ಲಿಸಿದರೆ ರೋಗ ಮರಳುತ್ತದೆ, ಮರಳಿದಾಗ ಇದೇ ಮಾತ್ರೆ ಕೆಲಸ ಮಾಡದೆ ಹೋಗಬಹುದು. ಅದು ಇಬ್ಬರಿಗೂ ಗೊತ್ತಿತ್ತು.

ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ಒಡತಿ ಇಂದೂಬಾಯಿ ಅಂಗಳದಲ್ಲಿ ಸಿಕ್ಕರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದ ಪ್ರಹ್ಲಾದರಾಯರ ಹೆಂಡತಿ, ಆಚಾರದಲ್ಲಿ ಬಲು ಬಿಗಿ. ಚಹಾದ ಕಷ್ಟ ಕೇಳಿ ನಕ್ಕುಬಿಟ್ಟರು.

"ಇಷ್ಟಕ್ಕ ಯಾಕ ಚಿಂತೀರಿ? ಉಪವಾಸ ಅನ್ರಿ. ನಾ ಏಕಾದಶಿ ದಿನ ಉಪವಾಸ ಅಂದ್ರ ಮುಗೀತು, ಒಂದು ಹನಿ ನೀರು ಕುಡೀರಿ ಅಂತ ಯಾರೂ ಅನ್ನಂಗಿಲ್ಲ. ಸಿಟ್ಟೂ ಇಲ್ಲ, ಸೆಡವೂ ಇಲ್ಲ."

ಹುಮನಾಬಾದ್ ಕಡೆಯ ಬಸ್ಸಿನಲ್ಲಿ ಕಿಟಕಿಯಿಂದ ಬರುತ್ತಿದ್ದದ್ದು ಬಿಸಿಗಾಳಿ. ಆಕ್ಸೆಲ್ ಔಷಧದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

"ನಾವು ಉಪವಾಸ ಮಾಡುತ್ತಿಲ್ಲ," ಎಂದ, ತಮ್ಮ ಭಾಷೆಯಲ್ಲಿ.

"ಬೆಳಗ್ಗೆಯಿಂದ ಏನೂ ತಿಂದಿಲ್ಲವಲ್ಲ."

"ಬಸ್ಸು ತಪ್ಪುತ್ತದೆಂದು ತಿಂದಿಲ್ಲ. ಕಾಯಿಲೆ ಇದೆ ಅಂತ ನೇರ ಹೇಳಬಹುದು."

"ಹೋದ ವಾರ ಹೇಳಬೇಕಿತ್ತು. ಹೊಟ್ಟೆನೋವು ಅಂದವಳು ಈ ವಾರ ಸಕ್ಕರೆ ಕಾಯಿಲೆ ಅಂದರೆ ಅವಳು ನಂಬುತ್ತಾಳಾ? ನಾನಾಗಿದ್ದರೆ ನಂಬುತ್ತಿರಲಿಲ್ಲ."

ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಕುಳಿತಲ್ಲೇ ತೂಕಡಿಸಿದರು. ಕಮಲಾಪುರ ಬಂದಾಗ ಕಂಡಕ್ಟರ್ ಎಬ್ಬಿಸಿದ.

ಮೊದಲ ಮನೆ ಚಂದಮ್ಮನದು. ಬಾಗಿಲಲ್ಲಿ ಅತ್ತೆ ಮಲ್ಕಮ್ಮ ಕುಳಿತಿದ್ದಳು. ಸೊಸೆ ಒಳಗಿನಿಂದ ಹೊರಗೆ ಬರಲಿಲ್ಲ.

"ಬರ್ರಿ ಬಾಯಾರ. ಚಾ ಮಾಡಸಲ್ಯೋ, ನಿಮ್ಮ ಹೊಟ್ಟಿ ಇನ್ನಾ ನೋಯಲಾಕತ್ತದೋ?" ಮಲ್ಕಮ್ಮನ ದನಿಯಲ್ಲಿ ಚುಚ್ಚು ಇತ್ತು.

"ಇವತ್ತ ಉಪಾಸ ಅದರಿ," ಎಂದಳು ಇಂಗ್ರಿಡ್.

ಮಲ್ಕಮ್ಮ ಹುಬ್ಬೇರಿಸಿದಳು. "ಸೋಮವಾರದ ಉಪಾಸ? ನಿಮ್ಮ ದೇವರಿಗೂ ಸೋಮವಾರ ನಡೀತದೇನ್ರಿ?"

"ನಡೀತದರಿ," ಎಂದಳು ಇಂಗ್ರಿಡ್. ಆಕ್ಸೆಲ್ ಪೆಟ್ಟಿಗೆಯ ಬೀಗ ನೋಡತೊಡಗಿದ.

"ಯವ್ವಾ! ನಂದೂ ಸೋಮವಾರನ. ಏ ಚಂದಿ, ಹೊರಗ ಬಾ. ಬಾಯಾರು ಉಪಾಸ ಅದಾರಂತ. ಹೋದ ವಾರನೂ ಸೋಮವಾರನ ಇತ್ತಲ್ಲ, ಅದಕ್ಕ ಚಾ ಬ್ಯಾಡ ಅಂದಾರ. ಹೇಳಲಾಕ ನಾಚಿಕಿ ಇರಬೇಕು."

ಚಂದಮ್ಮ ಬಾಗಿಲಿಗೆ ಬಂದು ಇಂಗ್ರಿಡ್‌ಳ ಮುಖ ನೋಡಿದಳು. "ಖರೇನ್ರಿ ಬಾಯಾರ?"

ಇಂಗ್ರಿಡ್ ತಲೆಯಾಡಿಸಿದಳು. ಕೆಲಸ ಆಯಿತೆಂದು ಆಕ್ಸೆಲ್ ಮಾತ್ರೆಯ ಪೊಟ್ಟಣ ಬಿಚ್ಚಿದ. ಚಂದಮ್ಮ ಅದನ್ನು ನೋಡದೆ ಒಳಗೆ ಓಡಿದಳು.

ಇಂದೂಬಾಯಿಯ ಮನೆಯಲ್ಲಿ ಉಪವಾಸವೆಂದರೆ ಏನೂ ಇಲ್ಲ. ಕಮಲಾಪುರದಲ್ಲಿ ಉಪವಾಸವೆಂದರೆ ರೊಟ್ಟಿ, ಅನ್ನ ಇಲ್ಲ, ಅಷ್ಟೇ. ಹಣ್ಣು ಹಾಲು ನಡೆಯುತ್ತದೆ. ಉಪವಾಸ ಇದ್ದವರು ಮನೆಗೆ ಬಂದರೆ ಫಲಾಹಾರ ಕೊಡದೆ ಕಳುಹಿಸುವಂತಿಲ್ಲ. ಇಪ್ಪತ್ತೆಂಟು ವರ್ಷ ಈ ಜಿಲ್ಲೆಯಲ್ಲಿದ್ದೂ ಇಂಗ್ರಿಡ್‌ಗೆ ಅದು ಆ ಗಳಿಗೆಯವರೆಗೆ ನೆನಪಾಗಿರಲಿಲ್ಲ.

ಚಂದಮ್ಮ ತಟ್ಟೆ ತಂದು ಮುಂದಿಟ್ಟಳು. ತಮ್ಮದೇ ತೋಟದ ಕೆಂಪು ಬಾಳೆಹಣ್ಣು, ಒಂದೊಂದೂ ಮುಷ್ಟಿ ಗಾತ್ರ. ಪಕ್ಕದಲ್ಲಿ ಲೋಟ ತುಂಬ ಹಾಲು. ತಳದಲ್ಲಿ ಕರಗದ ಸಕ್ಕರೆ ಕಾಣುತ್ತಿತ್ತು.

"ನನಗ ಕೊಡ್ರಿ," ಎಂದು ಆಕ್ಸೆಲ್ ಕೈ ಚಾಚಿದ.

"ನೀವೇನ್ ಉಪಾಸ ಅದೀರೇನ್ರಿ ಸಾಹೇಬ್ರ? ಹೆಂಡ್ತಿ ಪುಣ್ಯಾ ಕಸಗೋತೀರೇನು?" ಮಲ್ಕಮ್ಮ ಗದರಿಸಿದಳು. "ನಿಮಗ ರೊಟ್ಟಿ ಅದ, ಸುಮ್ಮ ಕುಂಡ್ರಿ."

ಪಕ್ಕದ ಮನೆಯ ಹಣಮಮ್ಮ ಗೋಡೆಯ ಮೇಲಿಂದ ಇಣುಕಿದಳು. "ಏನ್ ಮಲ್ಕಕ್ಕಾ, ಬಿಳಿ ಬಾಯಾರಿಗೆ ಊಟೇನು?"

"ಉಪಾಸ ಅದಾರ. ಇಬ್ಬರೂ ಕೂಡಿ ಫಳಾರ ಮಾಡ್ತೀವಿ."

"ಸೊಸಿ ತಂದಿದ್ದಾ?"

ಜನವರಿಯಿಂದ ಮಲ್ಕಮ್ಮನೂ ಸೊಸೆಯ ಕೈಯಿಂದ ಏನೂ ತಿಂದಿರಲಿಲ್ಲ. ತನ್ನ ಪಾತ್ರೆ ಬೇರೆ, ಒಲೆ ಬೇರೆ ಮಾಡಿಕೊಂಡಿದ್ದಳು. ಅವಳು ಇಂಗ್ರಿಡ್‌ಳ ಕೈಯನ್ನೇ ನೋಡುತ್ತಿದ್ದಳು. ಚಂದಮ್ಮ ತಲೆ ತಗ್ಗಿಸಿ ತಟ್ಟೆಯ ಅಂಚು ಹಿಡಿದುಕೊಂಡಿದ್ದಳು.

ಇಂಗ್ರಿಡ್ ಒಂದು ಹಣ್ಣು ತೆಗೆದು ಸುಲಿದಳು. ಮೆಲ್ಲಗೆ ತಿಂದಳು. ಹಾಲನ್ನು ಅರ್ಧ ಕುಡಿದು ಕೆಳಗಿಟ್ಟಳು.

ಮಲ್ಕಮ್ಮ ಕೈ ಚಾಚಿ ಅದೇ ತಟ್ಟೆಯಿಂದ ಒಂದು ಹಣ್ಣು ತೆಗೆದುಕೊಂಡಳು.

"ಹೌದವಾ, ಸೊಸೀನ ತಂದಾಳ," ಎಂದು ಗೋಡೆಯ ಕಡೆ ತಿರುಗಿ ಹೇಳಿದಳು. "ನಿನಗೂ ಬೇಕಾದ್ರ ಬಾ. ಬ್ಯಾಡಾದ್ರ ಇಣುಕಬ್ಯಾಡ."

ಹಣಮಮ್ಮನ ತಲೆ ಗೋಡೆಯ ಆಚೆ ಇಳಿಯಿತು. ಅತ್ತೆ ಹಣ್ಣು ಮುಗಿಸುವವರೆಗೆ ಚಂದಮ್ಮ ನಿಂತೇ ಇದ್ದಳು. ನಂತರ ಆಕ್ಸೆಲ್‌ನ ಮುಂದೆ ಅಂಗೈ ಚಾಚಿ, ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದಳು.

"ಇನ್ನೊಂದು ತಗೋರಿ ಬಾಯಾರ," ಎಂದಳು. "ಅತ್ತೀನೂ ಎರಡು ತಿಂತಾಳ."

ಇಂಗ್ರಿಡ್ ಎರಡನೆಯದನ್ನೂ ತೆಗೆದುಕೊಂಡಳು.

ಉಳಿದ ಆರು ಮನೆಗಳಿಗೆ ಆಕ್ಸೆಲ್ ಒಬ್ಬನೇ ಹೋಗಿಬಂದ. ಅವಳು ಬಸ್ ನಿಲ್ದಾಣದ ಬೆಂಚಿನ ಮೇಲೆ ಚಪ್ಪಲಿ ಕಳಚಿ ಕುಳಿತಿದ್ದಳು. ಬಾಯಿ ಒಣಗುತ್ತಿತ್ತು. ತಂದಿದ್ದ ನೀರು ಮುಗಿದಿತ್ತು.

"ಮುಂದಿನ ಸೋಮವಾರ ನಾನೊಬ್ಬನೇ ಬರುತ್ತೇನೆ," ಎಂದ ಆಕ್ಸೆಲ್.

"ನೀನು ಉಪವಾಸ ಇಲ್ಲವಲ್ಲ. ಮಲ್ಕಮ್ಮ ನಿನ್ನ ಜೊತೆ ಕೂತು ತಿನ್ನುವುದಿಲ್ಲ."

"ಕಾಲು?"

"ಸೋಮವಾರ ಬೇರೇನೂ ತಿನ್ನುವುದಿಲ್ಲ."

ಸಂಜೆ ಅಂಗಳದಲ್ಲಿ ವಿಷಯ ಕೇಳಿ ಇಂದೂಬಾಯಿ ಹಣೆ ಚಚ್ಚಿಕೊಂಡರು. "ಬಾಳೆಹಣ್ಣು ತಿಂದು ಹಾಲು ಕುಡಿಯೂದು ಯಾ ಊರ ಉಪವಾಸರೀ? ನಮ್ಮಲ್ಲಿ ಅದಕ್ಕ ಊಟ ಅಂತಾರ."

ಇಂಗ್ರಿಡ್ ಮುಂದಿನ ಎಂಟು ಸೋಮವಾರಗಳೂ ಹೋದಳು. ಜುಲೈ ಮೂರನೇ ವಾರದಲ್ಲಿ ಚಂದಮ್ಮ ಕೊನೆಯ ಮಾತ್ರೆ ನುಂಗಿದಳು. ಆಗಸ್ಟ್‌ನಲ್ಲಿ ಡಾಕ್ಟರು ಇಂಗ್ರಿಡ್‌ಳ ಎಡಗಾಲಿನ ಎರಡು ಬೆರಳುಗಳನ್ನು ತೆಗೆದರು.