ಹಾಯಿಯ ತೂಕ

ಗುಂಪಿನವರೆಲ್ಲ ಅವಳನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು. ಓದುತ್ತಿದ್ದುದು ರಾಕೆಟ್ಟು, ಉಪಗ್ರಹಗಳ ಎಂಜಿನಿಯರಿಂಗ್. ಬಾಯಿ ತೆರೆದರೆ ಮಾತ್ರ ಬಾಹ್ಯಾಕಾಶದ ಕಾನೂನು. ಅದೇನು ಯಾರಪ್ಪನ ಮನೆಯ ಆಸ್ತಿಯೇ? ಮೊದಲು ಹೋದವರೇ ಜಾಗ ಹಿಡಿದು, ಕಸ ಚೆಲ್ಲಿ ಕೂತರೆ ನಾಳೆ ಬರುವ ಬಡ ದೇಶಗಳು ಏನು ಮಾಡಬೇಕು? ಹೀಗೆ ಕ್ಯಾಂಟೀನಿನಲ್ಲೂ ಎಲ್ಲರ ತಲೆ ತಿನ್ನುತ್ತಿದ್ದಳು. ಓದು ಮುಗಿಸಿ ಆ ನಿಯಮಗಳನ್ನು ಬರೆಯುವ ಕೆಲಸಕ್ಕೇ ಸೇರಬೇಕೆಂಬುದು ಅವಳ ಹಠ.

ಕಾಲೇಜಿನಲ್ಲಿ ಆ ಗುಂಪು ಕಟ್ಟಿದ ಪುಟ್ಟ ಉಪಗ್ರಹವನ್ನು ಮರುದಿನ ಬೆಳಿಗ್ಗೆ ಉಡಾವಣೆಗೆ ಕಳಿಸಬೇಕಿತ್ತು. ಕೆಲಸ ಮುಗಿದ ಮೇಲೆ ಅದು ಕಸವಾಗಿ ಸುತ್ತುತ್ತಿರದೆ ಬೇಗ ಕೆಳಗಿಳಿದು ಉರಿದುಹೋಗಲಿ, ಅದಕ್ಕೆ ಮೇಲಿನ ವಿರಳ ಗಾಳಿಗೆ ಅಡ್ಡ ಬಿಚ್ಚಿಕೊಂಡು ವೇಗ ತಗ್ಗಿಸುವ ತೆಳು ಹಾಯಿಯೊಂದು ಬೇಕೇ ಬೇಕು ಎಂದು ಅವಳು ಎಲ್ಲರ ಜೀವ ಹಿಂಡಿ ಒಪ್ಪಿಸಿದ್ದಳು. ಇವತ್ತು ತೂಗಿ ನೋಡಿದರೆ ಉಪಗ್ರಹದ ಭಾರ ಮಿತಿಗಿಂತ ಹೆಚ್ಚಾಗಿತ್ತು.

"ಹಾಯಿ ಬಿಟ್ಬಿಡೋಣ. ಯಾರು ಕೇಳ್ತಾರೆ?" ಎಂದರು ಮೇಷ್ಟ್ರು.

"ಮುಂದೆ ಬರೋರು ಕೇಳ್ತಾರೆ ಸಾರ್. ಕ್ಯಾಮೆರಾ ತೆಗೆಯೋಣ."

ಕ್ಯಾಮೆರಾ ಮಾಡಿದ್ದ ಹುಡುಗ ಪಕ್ಕದಲ್ಲೇ ನಿಂತಿದ್ದ. ಮಾತೇ ಆಡದ ಅವನಿಗೆ ಮೌನಿ ಎಂದು ಹೆಸರಿಟ್ಟಿದ್ದರು. ಅವನು ಕೈಗವಸು ಕಳಚಿಟ್ಟು ಹೊರಗೆ ಹೋದ.

ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾರಿಡಾರಿಗೆ ಬಂದಳು, ಬಾಯಾರಿಕೆಯಿಲ್ಲದೆ ನೀರು ಕುಡಿದಳು, ಮತ್ತೆ ನಡೆದಳು. ಹೇಳಿದ್ದು ನ್ಯಾಯವೇ ಅಲ್ಲವೇ? ಅಷ್ಟರಲ್ಲಿ ಅಮ್ಮನ ಫೋನು. ಸೂರ್ಯನ ಕಿರಣಗಳನ್ನು ಅಳೆಯಲು ಇವಳು ಮಾಡಿದ್ದ ಉಪಕರಣವೂ ಆ ಉಪಗ್ರಹದಲ್ಲಿತ್ತು. ಮನೆಯವರ ಬಾಯಲ್ಲಿ ಅದು ಡಬ್ಬಿ.

"ನಿನ್ನ ಡಬ್ಬಿ ನಾಳೆ ಹೊರಡುತ್ತೆ ಅಂತ ಬೀದಿಗೆಲ್ಲ ಹೇಳ್ಬಿಟ್ಟಿದೀನಿ. ನಿನ್ನ ಅತ್ತೆಗೂ. ಸ್ವಲ್ಪ ಉರ್ಕೊಳ್ಳಲಿ."

"ಆಮೇಲೆ ಮಾಡ್ತೀನಮ್ಮ."

ಫೋನಿಟ್ಟವಳು ಅಲ್ಲೇ ನಿಂತುಬಿಟ್ಟಳು. ಡಬ್ಬಿಯೂ ಹೆಚ್ಚುಕಡಿಮೆ ಕ್ಯಾಮೆರಾದಷ್ಟೇ ಭಾರ. ಅದು ಅವಳಿಗೆ ಗೊತ್ತಿರದ ವಿಷಯವೇನಲ್ಲ. ಆದರೂ ಬಾಯಿಗೆ ಮೊದಲು ಬಂದಿದ್ದು ಕ್ಯಾಮೆರಾ, ಏಕೆಂದರೆ ಅದು ತನ್ನದಲ್ಲ. ತಾನು ದಿನಾ ಬೈಯುವ ಮಂದಿ ಮಾಡುವುದೂ ಇದನ್ನೇ. ಅವಳಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ, ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಆಸೆಯೂ ಹುಟ್ಟಿತು. ಕಾರಿಡಾರಿನ ತುದಿಯವರೆಗೆ ಹೋಗಿ ಬಂದರೂ ಎರಡೂ ಜೊತೆಯಲ್ಲೇ ಇದ್ದವು.

ಒಳಗೆ ಬಂದಾಗ ಮೌನಿ ವಾಪಸಾಗಿದ್ದ. ಯಾರೂ ಹೇಳದೆಯೇ ಕ್ಯಾಮೆರಾದ ಸ್ಕ್ರೂ ಬಿಚ್ಚುತ್ತಿದ್ದ.

"ಬಿಚ್ಬೇಡ," ಎಂದಳು. "ನನ್ನದನ್ನ ತೆಗೆದ್ರೂ ಆಗುತ್ತೆ."

"ಗೊತ್ತು."

"ಮತ್ತೆ ಆಗಲೇ ಯಾಕೆ ಹೇಳ್ಲಿಲ್ಲ?"

"ನೀನು ನನ್ನ ಕೇಳ್ಲೇ ಇಲ್ವಲ್ಲ."

ಅವಳು ಸ್ಕ್ರೂಡ್ರೈವರ್ ಇಸಿದುಕೊಂಡು ತನ್ನ ಡಬ್ಬಿಯನ್ನು ತಾನೇ ಬಿಚ್ಚಿದಳು. ಮೌನಿ ಬ್ಯಾಟರಿ ದೀಪ ಹಿಡಿದು ನಿಂತ. ಮತ್ತೆ ತೂಗಿದರು, ಹಾಯಿಯೂ ಉಳಿಯಿತು, ಕ್ಯಾಮೆರಾವೂ ಉಳಿಯಿತು.

ಹೊರಗೆ ಬಂದು ಅವಳೇ ಫೋನು ಮಾಡಿದಳು.

"ಅಮ್ಮ, ಡಬ್ಬಿ ಹೋಗ್ತಾ ಇಲ್ಲ. ಮನೆಗೆ ತರ್ತೀನಿ."

"ಅಯ್ಯೋ, ಯಾರೇ ತೆಗೆಸಿದ್ದು? ಯಾವನವನು?"

"ನಾನೇ ಅಮ್ಮ," ಎಂದಳು. ಆಮೇಲೆ ಅಳು ತಡೆಯಲಾಗಲಿಲ್ಲ.