ಎರಡನೇ ಕನ್ನಡಿ

ಹೇಮಶ್ರೀ ಮುಷ್ಟಿಯಲ್ಲಿ ಅಕ್ಕಿ ಹಿಡಿದು ಹೆಣದ ತಲೆಯ ಬಳಿ ಬಾಗಿಯೇ ಬಿಟ್ಟಿದ್ದಳು. ಅಷ್ಟರಲ್ಲಿ ಯಾರೋ ಅವಳ ಮುಂಗೈ ಹಿಡಿದರು. ನೋಡಿದರೆ, ಸತ್ತ ಮುನಿರಾಜಪ್ಪನ ಚಿಕ್ಕಮ್ಮ.

“ನೀವು ನಮ್ ಮುನಿರಾಜಂಗೆ ಏನಾಗ್ಬೇಕಮ್ಮ?”

“ಜೊತೇಲಿ ಕೆಲ್ಸ ಮಾಡ್ತಿದ್ದೆ. ತಿಪ್ಪಸಂದ್ರದ ಲೇಸರ್ ಫ್ಯಾಕ್ಟ್ರೀಲಿ.”

“ಬಾಯಿಗೆ ಅಕ್ಕಿ ಸಂಬಂಧಿಕರು ಮಾತ್ರ ಹಾಕೋದು. ಬೇಜಾರ್ ಮಾಡ್ಕೋಬೇಡಿ. ಬೇಕಾದ್ರೆ ಹೂವ ಹಾಕಿ.”

ಅವಳು ಅಕ್ಕಿಯನ್ನು ಮರಳಿ ತಟ್ಟೆಗೆ ಸುರಿದಳು. ಬೆವರಿಗೆ ಕೆಲವು ಕಾಳು ಅಂಗೈಗೇ ಅಂಟಿಕೊಂಡವು.

ಜೋಗುಪಾಳ್ಯದ ಗಲ್ಲಿಯಲ್ಲಿ ತಮಟೆ ಜೋರಾಯಿತು. ಫ್ಯಾಕ್ಟರಿಯ ಮುಕ್ತಾರ್ ಪಕ್ಕಕ್ಕೆ ಬಂದು ಪಿಸುಗುಟ್ಟಿದ: “ಹಾರ ನೋಡಿ ಹೇಮಕ್ಕ, ಎಡಗಡೆ ಜಗ್ಗಿದೆ. ಮುನಿ ಭಾಯ್ ಈಗ ಎದ್ದು ಕೂತ್ಕೊಂಡು ಸ್ಕ್ರೂಡ್ರೈವರ್ ಕೇಳ್ತಾರೆ.”

ನಗು ಬಂದುಬಿಟ್ಟಿತು. ಸೆರಗನ್ನು ಬಾಯಿಗೊತ್ತಿಕೊಂಡಳು. ನೋಡಿದವರು ಅಳುತ್ತಿದ್ದಾಳೆ ಎಂದುಕೊಂಡರು.

ಇಷ್ಟು ವರ್ಷಗಳಲ್ಲಿ ಮುನಿರಾಜಪ್ಪ ಈ ಮನೆಯೊಳಗೆ ಒಮ್ಮೆಯಾದರೂ ಅವಳ ಹೆಸರು ಎತ್ತಿದ್ದನೆ? ಅವಳಿಗೆ ತಿಳಿಯಬೇಕಿದ್ದದ್ದು ಅದೊಂದೇ. ಆದರೆ ಯಾರನ್ನು ಕೇಳುವುದು, ಯಾವ ಮುಖದಿಂದ ಕೇಳುವುದು?

*

ಫ್ಯಾಕ್ಟರಿಯಲ್ಲಿ ಅವರಿಬ್ಬರ ಮುಂದಿರುತ್ತಿದ್ದದ್ದು ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಅದರ ನಡುವಿನ ತಿರುಳು ಇನ್ನೂ ಸಣ್ಣದು. ಲೇಸರ್ ಬೆಳಕು ಹೊಗಬೇಕಾದದ್ದು ಆ ತಿರುಳಿಗೇ. ಎರಡು ಕನ್ನಡಿಗಳು ಬೆಳಕನ್ನು ತಿರುಗಿಸಿ ಎಳೆಯ ತುದಿಗೆ ತರುತ್ತಿದ್ದವು. ಮೇಜು ಅಗಲ, ಎರಡರ ತಿರುಪುಗಳೂ ಒಬ್ಬರ ಕೈಗೆ ಎಟುಕುತ್ತಿರಲಿಲ್ಲ. ಮೊದಲ ಕನ್ನಡಿ ಮುನಿರಾಜಪ್ಪನದು, ಎರಡನೆಯದು ಹೇಮಶ್ರೀಯದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎಳೆಯೊಳಗೆ ಹೊಕ್ಕ ಬೆಳಕನ್ನು ಅಳೆಯುವ ಮೀಟರಿನ ಅಂಕಿ ಏರಿ ನಿಂತದ್ದೇ ಅವಳು ಕೂಗಿದ್ದಳು: “ಸಿಕ್ತು ಸಾರ್!”

“ಸಿಕ್ಕಿಲ್ಲ ಕಣಮ್ಮ. ಇದು ಗುಡ್ಡ. ಬೆಟ್ಟ ಇದರ ಹಿಂದಿದೆ. ನಾನು ಕೆಡಿಸ್ತೀನಿ, ನೀನು ಸರಿ ಮಾಡು.”

ಅವನು ತನ್ನ ತಿರುಪನ್ನು ಚೂರು ತಿರುಗಿಸಿದ. ಅಂಕಿ ದಡದಡನೆ ಇಳಿಯಿತು.

“ಅಯ್ಯೋ, ಇದ್ದದ್ದೂ ಹೋಯ್ತಲ್ಲ ಸಾರ್!”

“ಹೋಗ್ಲಿ ಬಿಡು. ಕೈ ನಿಲ್ಲಿಸ್ಬೇಡ.”

ಅವಳು ಉಸಿರು ಬಿಗಿಹಿಡಿದು ತನ್ನ ತಿರುಪನ್ನು ತಿರುಗಿಸಿದಳು. ಅಂಕಿ ಮೆಲ್ಲಗೆ ಹತ್ತಿತು, ಮೊದಲು ನಿಂತಿದ್ದ ಜಾಗವನ್ನೂ ದಾಟಿತು. ಅವನು ಮತ್ತೆ ಕೆಡಿಸಿದ, ಅವಳು ಮತ್ತೆ ಸರಿ ಮಾಡಿದಳು. ಬರಬರುತ್ತ ಮಾತೇ ಬೇಕಾಗುತ್ತಿರಲಿಲ್ಲ.

ಅವನಿಗೆ ಮದುವೆಯಾಗಿರಲಿಲ್ಲ. ಅವಳ ಗಂಡ ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದ. ಒಂದು ಶನಿವಾರ ಅವನು ಕನ್ನಡಕ ಒರೆಸುತ್ತ, ಮುಖ ನೋಡದೆ ಕೇಳಿದ: “ನಾಳೆ ಮನೇಗೆ ಊಟಕ್ಕೆ ಬರ್ತೀಯಾ? ಅಕ್ಕ ನಿನ್ನ ನೋಡ್ಬೇಕಂತೆ.”

ಅಕ್ಕ ಬರೀ ನೆಪ ಎಂದು ಅವಳಿಗೆ ಅರ್ಥವಾಯಿತು. ಜನ ಏನಂದಾರು? ಮಾತು ಹಬ್ಬಿ, ಹೀಗೆ ಒಂದೇ ಮೇಜಿಗೆ ಕೂರುವುದೂ ತಪ್ಪಿಹೋದರೆ?

“ನೋಡೋಣ ಸಾರ್,” ಅಂದಳು. ಹೋಗಲಿಲ್ಲ.

ಸೋಮವಾರ ಅವನು ಎಂದಿನಂತೆ ತನ್ನ ಕನ್ನಡಿಯ ಮುಂದೆ ಕೂತಿದ್ದ. ಮತ್ತೆಂದೂ ಕೇಳಲಿಲ್ಲ. ಅವಳು ಮಾತ್ರ ಶನಿವಾರಗಳಂದು ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತ ನಿಲ್ಲುತ್ತಿದ್ದಳು.

*

ಹೆಣದ ಗಾಡಿ ಗಲ್ಲಿ ದಾಟಿತು. ಹೆಂಗಸರು ತಿರುವಿನಲ್ಲೇ ನಿಂತರು. ಸೂತಕದವರು ತಲೆಗೆ ನೀರು ಹಾಕಿಕೊಳ್ಳಲು ಮನೆಯ ನಲ್ಲಿಯ ಕಡೆ ನಡೆದರು, ಹೊರಗಿನವರು ಚಪ್ಪಲಿ ಹುಡುಕತೊಡಗಿದರು. ಹೇಮಶ್ರೀಯೂ ಹುಡುಕಿದಳು.

“ಹೇಮಕ್ಕ, ಆಟೋ ನಿಂತಿದೆ. ಮಧ್ಯಾಹ್ನದ ಶಿಫ್ಟಿಗೆ ಹೋಗ್ಬೇಕು,” ಮುಕ್ತಾರ್ ಕೂಗಿದ.

ಬೆಳಗಿನಿಂದ ಹೆಣದ ಕಾಲ ಬಳಿ ಕೂತಿದ್ದ ಮುನಿರಾಜಪ್ಪನ ಅಕ್ಕ ವೆಂಕಟಮ್ಮ ಆ ಹೆಸರಿಗೆ ತಿರುಗಿ ನೋಡಿದಳು.

“ಹೇಮ ಅಂದ್ರೆ ನೀನೇನಾ? ಎರಡನೇ ಕನ್ನಡಿಯವಳು?”

ಹೇಮಶ್ರೀ ತಲೆಯಾಡಿಸಿದಳು.

“ಆ ಭಾನುವಾರ ಒಬ್ಬಟ್ಟು ಮಾಡಿದ್ದೆ ಕಣೆ. ಸಂಜೆವರ್ಗೂ ತಾನೂ ಉಣ್ಲಿಲ್ಲ, ನನ್ನೂ ಉಣ್ಣೋಕೆ ಬಿಡ್ಲಿಲ್ಲ. ಬಸ್ ತಡ ಆಗಿರ್ಬೇಕು, ಬಸ್ ತಡ ಆಗಿರ್ಬೇಕು ಅಂತಿದ್ದ, ಹಾಳಾದೋನು.”

ಆಟೋದವನು ಹಾರ್ನ್ ಒತ್ತಿದ.

“ಅವ್ರನ್ನ ಕಳ್ಸು,” ಅಂದಳು ವೆಂಕಟಮ್ಮ. “ನೀನು ತಲೆಗೆ ನೀರು ಹಾಕ್ಕೊಳ್ದೆ ಹೋಗ್ಬಾರ್ದು.”

ನಲ್ಲಿಯ ಬಳಿ ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಚಿಕ್ಕಮ್ಮ ವೆಂಕಟಮ್ಮನ ಮುಖ ನೋಡಿ, ಸರಿದು ಜಾಗ ಬಿಟ್ಟಳು. ಹೇಮಶ್ರೀ ಕೂತು ಮುಡಿಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಕಲ್ಲಿನ ಅಂಚಿಗಿಟ್ಟಳು. ಕೂದಲು ಮುಖದ ಮೇಲೆ ಇಳಿಬಿತ್ತು. ವೆಂಕಟಮ್ಮ ಒಂದು ಕೈಯಿಂದ ಅವಳ ನೆತ್ತಿ ಹಿಡಿದು, ಇನ್ನೊಂದರಿಂದ ಚೊಂಬು ಎತ್ತಿದಳು.